ಹೆಪಟೈಟಿಸ್ ಬಿ ಇದ್ದವರ ಲಿವರ್‌ನಲ್ಲಿ ಎಷ್ಟು ನಾರು ಕಟ್ಟಿದೆ? ಅಂದಾಜು ಮಾಡುವ ಬಗೆ

ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆ) 6 ತಿಂಗಳು ದಾಟಿದರೂ ಪಾಸಿಟಿವ್ ಬರುತ್ತಿದ್ದರೆ ಅದು ದೀರ್ಘಕಾಲದ ಸೋಂಕು. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ನಾರ್ಮಲ್ ಇದೆಯೆಂದು ಸುಮ್ಮನಾಗಬೇಡಿ. ಅದು ತೋರಿಸುವುದು ಈಗಿನ ಉರಿಯೂತವನ್ನು. ವರ್ಷಗಳಿಂದ ಕೂಡಿಬಂದ ಗಾಯದ ಕಲೆ ಅದರಲ್ಲಿ ಕಾಣುವುದಿಲ್ಲ.

ಲಿವರ್ ಕೆಡುವುದು ಬಹುಪಾಲು ವೈರಸ್ಸಿನ ನೇರ ಏಟಿನಿಂದಲ್ಲ. ಸೋಂಕು ತಗುಲಿದ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೊಲ್ಲುತ್ತದೆ, ಆ ಜಾಗದಲ್ಲಿ ನಾರು ಬೆಳೆಯುತ್ತದೆ. ಇದು ಫೈಬ್ರೋಸಿಸ್, ಗಂಟುಗಂಟಾದರೆ ಸಿರೋಸಿಸ್. ಗಟ್ಟಿಯಾದ ಲಿವರ್‌ನಲ್ಲಿ ರಕ್ತ ಸಲೀಸಾಗಿ ಹರಿಯದೆ ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಡುತ್ತದೆ. ಮುಂದಿನ ಲೆಕ್ಕದಲ್ಲಿ ಪ್ಲೇಟ್‌ಲೆಟ್ ಬರುವುದು ಇದಕ್ಕೇ.

ಈ ಲೆಕ್ಕದ ಹೆಸರು ಎಪಿಆರ್‌ಐ. ಒಂದೇ ದಿನ ತೆಗೆದ ರಕ್ತದ ಎಸ್‌ಜಿಒಟಿ (ಲಿವರ್, ಸ್ನಾಯುಗಳಲ್ಲಿರುವ ಇನ್ನೊಂದು ಕಿಣ್ವ) ಮತ್ತು ಪ್ಲೇಟ್‌ಲೆಟ್ ಸಾಕು. ಎಸ್‌ಜಿಒಟಿಯನ್ನು ಅದೇ ಲ್ಯಾಬ್ ಕೊಟ್ಟ ಗರಿಷ್ಠ ಮಿತಿಯಿಂದ ಭಾಗಿಸಿ. ಬಂದದ್ದನ್ನು 100ರಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆಯಿಂದ ಭಾಗಿಸಿ. ರಿಪೋರ್ಟಿನಲ್ಲಿ 1,60,000 ಎಂದಿದ್ದರೆ ಇಲ್ಲಿ 160 ಎಂದೇ ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಉದಾಹರಣೆಗೆ ಎಸ್‌ಜಿಒಟಿ 48, ಮಿತಿ 40: 48 ÷ 40 = 1.2, 1.2 × 100 ÷ 160 = 0.75.

ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ವಯಸ್ಕರಲ್ಲಿ 0.5 ದಾಟಿದರೆ ಗಣನೀಯ ಫೈಬ್ರೋಸಿಸ್ ಇರಬಹುದು, 1 ದಾಟಿದರೆ ಸಿರೋಸಿಸ್ ಶಂಕೆ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರುವುದರಿಂದ ಲೆಕ್ಕ ಸುಳ್ಳಾಗಿ ಮೇಲೇರುತ್ತದೆ. ಮದ್ಯ, ಸ್ನಾಯುಗಳಿಗೆ ವಿಪರೀತ ಶ್ರಮ ಇವೂ ಎಸ್‌ಜಿಒಟಿ ಏರಿಸುತ್ತವೆ. ಹುಷಾರಾದ ಮೇಲೆ ಮತ್ತೆ ನೋಡಿ.

ಲಿವರ್ ಎಷ್ಟು ಗಡಸಾಗಿದೆಯೆಂದು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಸಿಕ್ಕರೆ ಇನ್ನೂ ಒಳ್ಳೆಯದು. ಸೂಜಿ ಚುಚ್ಚುವುದಿಲ್ಲ. ಕನಿಷ್ಠ 3 ಗಂಟೆ ಏನೂ ತಿನ್ನದೆ ಹೋಗಿ, ಊಟವಾದೊಡನೆ ಮಾಡಿಸಿದರೆ ಅಂಕಿ ಹೆಚ್ಚು ಬರುತ್ತದೆ. ರಿಪೋರ್ಟಿನಲ್ಲಿ ಕನಿಷ್ಠ 10 ಸರಿಯಾದ ಅಳತೆಗಳಿರಲಿ, ಐಕ್ಯೂಆರ್ (ಅಳತೆಗಳ ನಡುವಿನ ಏರುಪೇರು) ಶೇ. 30 ಮೀರದಿರಲಿ. 7 ಕಿಲೋಪಾಸ್ಕಲ್ ಮೀರಿದರೆ ಗಣನೀಯ ಫೈಬ್ರೋಸಿಸ್, 12.5 ಮೀರಿದರೆ ಸಿರೋಸಿಸ್ ಎಂದು ಪರಿಗಣಿಸುತ್ತಾರೆ. ಎಸ್‌ಜಿಪಿಟಿ ತೀರಾ ಏರಿರುವಾಗ ಊತವೇ ಗಡಸಾಗಿ ಕಾಣುತ್ತದೆ. ಅದು ಇಳಿದ ಮೇಲಿನ ಅಳತೆಯನ್ನು ನಂಬಿ.

ಅಂಕಿ ಮಿತಿ ದಾಟಿದ್ದರೆ ಲಿವರ್ ತಜ್ಞರನ್ನು ತಡಮಾಡದೆ ಕಾಣಿ. ಟೆನೋಫೋವಿರ್ ಅಥವಾ ಎಂಟೆಕಾವಿರ್ ವೈರಸ್ಸನ್ನು ಅದುಮಿಟ್ಟರೆ ಎಷ್ಟೋ ಜನರಲ್ಲಿ ಫೈಬ್ರೋಸಿಸ್ ಹಿಂದೆ ಸರಿಯುತ್ತದೆ. ಎಂಟೆಕಾವಿರ್ ಖಾಲಿ ಹೊಟ್ಟೆಯಲ್ಲಿ, ಊಟಕ್ಕೂ ಮಾತ್ರೆಗೂ ಹಿಂದೆಮುಂದೆ 2 ಗಂಟೆ ಅಂತರವಿಟ್ಟು ತೆಗೆದುಕೊಳ್ಳಬೇಕು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧ ಉಚಿತ. ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ: ವೈರಸ್ ಒಮ್ಮೆಲೇ ಕೆರಳಿ, ಸಿರೋಸಿಸ್ ಇದ್ದವರಲ್ಲಿ ಲಿವರ್ ಪೂರ್ತಿ ಕೈಕೊಡಬಹುದು.

ಸಿರೋಸಿಸ್ ಇದ್ದವರು 6 ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಈ ವೈರಸ್ ಸಿರೋಸಿಸ್ ಇಲ್ಲದೆಯೂ ಲಿವರ್ ಕ್ಯಾನ್ಸರ್ ತರಬಲ್ಲದು. ಮನೆಯಲ್ಲಿ ಯಾರಿಗಾದರೂ ಅದು ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಮಾತು ತೊದಲಿ ಮಂಕು ಕವಿಯುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.