ಟ್ರ್ಯಾಕ್‌ನಲ್ಲಿ ಬೈಕ್ ಓಡಿಸುವಾಗ ಅಂಗೈಯಲ್ಲಿ ಬೊಬ್ಬೆ ಏಳದಂತೆ ನೋಡಿಕೊಳ್ಳುವುದು ಹೇಗೆ?

ದುಡ್ಡು ಕೊಟ್ಟು ರೇಸ್ ಟ್ರ್ಯಾಕ್‌ನಲ್ಲಿ ಬೈಕ್ ಓಡಿಸುವ ದಿನಕ್ಕೆ, ಅಂದರೆ ಟ್ರ್ಯಾಕ್ ಡೇಗೆ, ಮೊದಲ ಸಲ ಹೋದವರು ಮಧ್ಯಾಹ್ನದ ಊಟಕ್ಕೆ ಗ್ಲೌಸ್ ತೆಗೆದಾಗ ನೋಡುವುದು ಒಂದೇ. ಹೆಬ್ಬೆರಳಿನ ಬುಡ ಕೆಂಪಾಗಿರುತ್ತದೆ, ಬೆರಳುಗಳ ಬುಡದಲ್ಲಿ ನೀರು ತುಂಬಿದ ಬೊಬ್ಬೆ ಎದ್ದಿರುತ್ತದೆ. ಊಟವಾದ ಮೇಲಿನ ಸೆಷನ್‌ನಲ್ಲಿ (ಟ್ರ್ಯಾಕ್‌ಗೆ ಇಳಿಯುವ ಸರದಿಯಲ್ಲಿ) ಬ್ರೇಕ್ ಲಿವರ್ ಮುಟ್ಟಿದರೂ ಉರಿ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಅರ್ಧ ದಿನ ಬೈಕ್ ನಿಲ್ಲಿಸುವ ಪ್ಯಾಡಾಕ್‌ನಲ್ಲಿ ಸುಮ್ನೆ ಕೂರಬೇಕಾಗುತ್ತದೆ.

ಆಗ ಎಲ್ಲರೂ ಬೈಯುವುದು ಗ್ಲೌಸನ್ನು. ಹೊಸದು ಕೊಳ್ಳುತ್ತಾರೆ, ಮುಂದಿನ ಸಲವೂ ಅದೇ ಕತೆ. ಅಂಗೈ ಬೊಬ್ಬೆಗೆ ಮೊದಲ ಕಾರಣ ಹೆಚ್ಚಿನ ಸಲ ಕಾಲಿನಲ್ಲಿರುತ್ತದೆ, ಎರಡನೆಯದು ಬೈಕಿನ ಸೆಟ್ಟಿಂಗ್‌ನಲ್ಲಿ. ಗ್ಲೌಸ್ ಬರುವುದು ಅದಾದ ಮೇಲೆ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಬೊಬ್ಬೆ ಏಳುವುದು ಏಕೆ?

ಚರ್ಮ ಮೇಲಿನಿಂದ ಸವೆದು ಬೊಬ್ಬೆ ಏಳುತ್ತದೆ ಅಂದುಕೊಳ್ಳುತ್ತೇವೆ. ನಡೆಯುವುದು ಬೇರೆ. ಬಿಗಿಯಾಗಿ ಹಿಡಿದಾಗ ಅಂಗೈಯ ಮೇಲ್ಚರ್ಮ ಗ್ಲೌಸಿಗೆ ಅಂಟಿಕೊಳ್ಳುತ್ತದೆ. ಒಳಗಿನ ಮೂಳೆ ಮಾತ್ರ ಹಿಂದೆ ಮುಂದೆ ಆಡುತ್ತಿರುತ್ತದೆ. ಇವೆರಡರ ನಡುವೆ ಸಿಕ್ಕಿದ ಚರ್ಮದ ಪದರಗಳು ಎಳೆದಾಡಿ, ಕೊನೆಗೆ ಒಳಗೊಳಗೇ ಬಿಟ್ಟುಕೊಳ್ಳುತ್ತವೆ. ಆ ಸಂದಿಯಲ್ಲಿ ನೀರು ತುಂಬುತ್ತದೆ. ಅದಕ್ಕೇ ಮೇಲೆ ಒಂದು ಗೀರೂ ಇಲ್ಲದ ಕಡೆ ಬೊಬ್ಬೆ ಕಾಣಿಸುವುದು.

ಹಿಡಿತದ ಬಿಗಿ, ಬೆವರು ಮತ್ತು ಎಷ್ಟು ಸಲ ಅದೇ ಎಳೆತ ಆಯಿತು ಎಂಬ ಲೆಕ್ಕ, ಈ ಮೂರೂ ಸೇರಿದರೆ ಬೊಬ್ಬೆ. ಒಣ ಚರ್ಮ ಸ್ವಲ್ಪ ಜಾರುತ್ತದೆ, ತೇವದ ಚರ್ಮ ಅಂಟುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನ ಸೆಕೆಯಲ್ಲಿ ಕೈ ಒಣಗಿರುವುದೇ ಅಪರೂಪ. ಆ ಟ್ರ್ಯಾಕ್ ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ಒಂದು ಸುತ್ತಿಗೆ, ಅಂದರೆ ಲ್ಯಾಪ್‌ಗೆ, ಎರಡು ನಿಮಿಷದ ಲೆಕ್ಕ ಹಿಡಿದರೂ 15 ನಿಮಿಷದ ಒಂದು ಸೆಷನ್‌ನಲ್ಲಿ ಏಳು ಲ್ಯಾಪ್, ಅಂದರೆ 84 ತಿರುವು. ಎಲ್ಲ ತಿರುವಿಗೂ ಬ್ರೇಕ್ ಬೇಕಿಲ್ಲ. ಆದರೆ ಥ್ರಾಟಲ್ (ಆಕ್ಸಿಲರೇಟರ್) ಅಂತೂ ಮುಚ್ಚುತ್ತ, ತೆರೆಯುತ್ತ ಇರಲೇಬೇಕು. ದಿನಕ್ಕೆ ನಾಲ್ಕೈದು ಸೆಷನ್ ಓಡಿಸಿದರೆ ಎಷ್ಟಾಯಿತು ನೋಡಿ. ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸಿದರೂ ಏನೂ ಆಗದ ಕೈ ಇಲ್ಲಿ ಒಂದೇ ಬೆಳಗಿಗೆ ಸೋಲುವುದು ಇದಕ್ಕೇ.

ಮೊದಲು ನಿಮ್ಮ ಕೈ ನೋಡಿ

ಹಿಂದಿನ ಸಲ ಬೊಬ್ಬೆ ಎಲ್ಲಿ ಎದ್ದಿತ್ತು ಎಂದು ನೆನಪು ಮಾಡಿಕೊಳ್ಳಿ. ಜಾಗವೇ ಕಾರಣ ಹೇಳುತ್ತದೆ.

ಬಲಗೈ ಹೆಬ್ಬೆರಳಿನ ಒಳಬದಿ, ಅಥವಾ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿ ಕೆಂಪಾಗಿದ್ದರೆ ಅದು ಥ್ರಾಟಲ್ ತಿರುಗಿಸುವ ರೀತಿಯಿಂದ ಬಂದದ್ದು. ಎರಡೂ ಕೈಯಲ್ಲಿ ನಡುಬೆರಳು, ಉಂಗುರ ಬೆರಳಿನ ಬುಡದಲ್ಲಿ ಎದ್ದಿದ್ದರೆ ನೀವು ಹ್ಯಾಂಡಲ್‌ಗೆ ಜೋತು ಬೀಳುತ್ತಿದ್ದೀರಿ. ವೇಗ ಏರಿಸುವಾಗಲೋ, ತಿರುವಿನಲ್ಲಿ ಮೈ ಹೊರಗೆ ಇಳಿಸುವಾಗಲೋ ಕೈಯೇ ಆಧಾರವಾಗಿದೆ ಎಂದರ್ಥ. ಮಣಿಕಟ್ಟಿನ ಹತ್ತಿರದ ಅಂಗೈ ದಿಂಬು ನೋಯುತ್ತಿದ್ದರೆ ಬ್ರೇಕ್ ಹಾಕುವಾಗ ಇಡೀ ಮೈಭಾರ ಅಲ್ಲಿಗೆ ಬೀಳುತ್ತಿದೆ. ಬೆರಳಿನ ಗೆಣ್ಣುಗಳ ನಡುವೆ ಎದ್ದಿದ್ದರೆ ಲಿವರ್‌ನ ಕೋನ ಅಥವಾ ದೂರ ಸರಿಯಿಲ್ಲ.

ಭಾರ ಕಾಲಿಗೆ ಕೊಡಿ

ಉಳಿದೆಲ್ಲಕ್ಕಿಂತ ಮುಖ್ಯ ಇದು.

ಜೋರು ವೇಗದಿಂದ ಬ್ರೇಕ್ ಹಾಕಿದಾಗ ಬೈಕ್ ನಿಧಾನವಾಗುತ್ತದೆ, ಮೈ ಮುಂದಕ್ಕೇ ನುಗ್ಗುತ್ತದೆ. ಅದನ್ನು ತಡೆಯಲು ಎರಡೇ ಜಾಗ. ಟ್ಯಾಂಕ್ ಹಿಡಿದ ತೊಡೆ ಮತ್ತು ಮಂಡಿ, ಇಲ್ಲವೇ ಹ್ಯಾಂಡಲ್ ಹಿಡಿದ ಅಂಗೈ. ಮಂಡಿ ಸಡಿಲವಾಗಿದ್ದರೆ ಪೂರ್ತಿ ಹೊರೆ ಅಂಗೈಗೆ ಬೀಳುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ ಒಂದು ಕಿ.ಮೀ.ಗೂ ಉದ್ದದ ನೇರ ರಸ್ತೆ ಮುಗಿಸಿ ನಾಲ್ಕನೇ ತಿರುವಿಗೆ ಬ್ರೇಕ್ ಹಾಕುವ ಜಾಗ ಇದೆಯಲ್ಲ, ಅಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಆರ್15, ಆರ್‌ಸಿ 390, ಅಪಾಚೆ ಆರ್‌ಆರ್ 310 ಥರದ ಬೈಕ್‌ಗಳಲ್ಲಿ ಹ್ಯಾಂಡಲ್ ಕೆಳಗಿರುವುದರಿಂದ ಮೈ ಮೊದಲೇ ಮುಂದಕ್ಕೆ ಬಾಗಿರುತ್ತದೆ. ಅಂಥ ಬೈಕ್ ಓಡಿಸುವವರು ಇನ್ನೂ ಜಾಸ್ತಿ ಗಮನ ಕೊಡಬೇಕು.

ಹೀಗೆ ಅಭ್ಯಾಸ ಮಾಡಿ. ಸೀಟಿನಲ್ಲಿ ಟ್ಯಾಂಕ್‌ಗೆ ಒತ್ತಿಕೊಂಡು ಕೂರಬೇಡಿ. ಒಂದು ಮುಷ್ಟಿಯಷ್ಟು ಜಾಗ ಬಿಟ್ಟು ಹಿಂದೆ ಸರಿಯಿರಿ. ಮೊಣಕೈ ಸ್ವಲ್ಪ ಬಾಗಿರಲಿ. ಪಾದದ ಮುಂಭಾಗ ಕಾಲಿಡುವ ಫುಟ್‌ಪೆಗ್ ಮೇಲಿರಲಿ. ಬ್ರೇಕ್ ಲಿವರ್ ಮುಟ್ಟುವ ಮೊದಲೇ ಎರಡೂ ಮಂಡಿಯಿಂದ ಟ್ಯಾಂಕ್ ಅಮುಕಿ ಹಿಡಿಯಿರಿ. ಬ್ರೇಕ್ ಹಾಕಿದ ಮೇಲೆ ಅಮುಕಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಭಾರ ಕೈಗೆ ಹೋಗಿರುತ್ತದೆ. ತಿರುವಿನಲ್ಲಿ ಮೈ ಒಳಬದಿಗೆ ಇಳಿಸಿದಾಗ ಹೊರಗಿನ ಕಾಲಿನ ತೊಡೆ ಟ್ಯಾಂಕ್‌ಗೆ ಕೊಕ್ಕೆ ಹಾಕಿದಂತೆ ಹಿಡಿದಿರಬೇಕು. ಆ ಕಾಲು ಸರಿಯಾಗಿ ಹಿಡಿದಿದ್ದರೆ ಒಳಬದಿಯ ಕೈ ಪೂರ್ತಿ ಸಡಿಲ ಬಿಟ್ಟರೂ ನೀವು ಜಾರುವುದಿಲ್ಲ.

ಟ್ಯಾಂಕ್ ಮೇಲಿನ ಬಣ್ಣ ನುಣುಪು, ಲೆದರ್ ಸೂಟೂ ನುಣುಪು. ಹಾಗಾಗಿ ಟ್ಯಾಂಕ್‌ನ ಎರಡು ಪಕ್ಕಕ್ಕೆ ಅಂಟಿಸುವ ರಬ್ಬರ್ ಗ್ರಿಪ್ ಪ್ಯಾಡ್ ಹಾಕಿಸಿ. ದುಬಾರಿ ಗ್ಲೌಸ್ ಮತ್ತು ಟ್ಯಾಂಕ್ ಪ್ಯಾಡ್, ಎರಡರಲ್ಲಿ ಒಂದಕ್ಕೇ ದುಡ್ಡಿದೆ, ಇರುವ ಗ್ಲೌಸೂ ಸುರಕ್ಷಿತವಾಗಿಯೇ ಇದೆ ಎಂದಾದರೆ ನಾನು ಪ್ಯಾಡ್ ಕೊಳ್ಳಿ ಎನ್ನುತ್ತೇನೆ.

ತೊಡೆಗೆ, ಹೊಟ್ಟೆಯ ಸ್ನಾಯುಗಳಿಗೆ ಬಲ ಬೇಕು. ಬಸ್ಕಿ, ಪ್ಲ್ಯಾಂಕ್ ದಿನಾ ಮಾಡಿದರೆ ಸಾಕು, ಜಿಮ್ ಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತಾಗಲೇ ಕೈ ಬಿಗಿಯಾಗುವುದು.

ಬೈಕ್ ನಿಮ್ಮ ಕೈಗೆ ಹೊಂದಲಿ

ಇದನ್ನು ಟ್ರ್ಯಾಕ್‌ಗೆ ಹೋಗುವ ಹಿಂದಿನ ವಾರವೇ ಮಾಡಿ.

ಲಿವರ್‌ಗಳಿಂದ ಶುರು ಮಾಡಿ. ಓಡಿಸುವಾಗ ಕೂರುವ ಭಂಗಿಯಲ್ಲೇ ಕೂತು ಬೆರಳು ಚಾಚಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬಂದು ಲಿವರ್ ಮೇಲೆ ಕೂರಬೇಕು. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮುರಿಯಬಾರದು. ಬೋಲ್ಟ್ ಸಡಿಲಿಸಿ ಲಿವರ್ ಕೋನ ಬದಲಿಸಬಹುದು. ದೂರ ಹೊಂದಿಸುವ ವ್ಯವಸ್ಥೆ ಇದ್ದರೆ ಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಬರುವಷ್ಟು ಹತ್ತಿರ ತನ್ನಿ. ಬದಲಿಸಿದ ಮೇಲೆ ಬ್ರೇಕ್ ಪೂರ್ತಿ ಒತ್ತಿ ನೋಡಿ. ಲಿವರ್ ಉಳಿದ ಬೆರಳಿಗೆ ತಾಗಬಾರದು.

ಮುಂದಿನದು ಥ್ರಾಟಲ್. ಕೇಬಲ್ ಇರುವ ಬೈಕಿನಲ್ಲಿ ಸಡಿಲ ಜಾಸ್ತಿ ಆಗಿದ್ದರೆ ಥ್ರಾಟಲ್ ಸುಮ್ಮನೆ ತಿರುಗುವಷ್ಟಕ್ಕೂ ಪ್ರತಿ ಸಲ ಕೈ ಉಜ್ಜಬೇಕು. ನಿಮ್ಮ ಬೈಕಿನ ಕೈಪಿಡಿಯಲ್ಲಿ ಎಷ್ಟಿರಬೇಕು ಎಂದು ಇರುತ್ತದೆ. ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್. ಕೇಬಲ್ ಒಣಗಿದ್ದರೆ ಎಣ್ಣೆ ಹಾಕಿಸಿ, ತಿರುಗಿಸಿ ಬಿಟ್ಟಾಗ ಥಟ್ಟನೆ ತಾನೇ ಮುಚ್ಚಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ಇದನ್ನು ನೋಡಿ. ಕೇಬಲ್ ಬದಲು ವಿದ್ಯುತ್ ಸಂಕೇತದಿಂದ ಥ್ರಾಟಲ್ ನಡೆಯುವ ರೈಡ್ ಬೈ ವೈರ್ ಬೈಕ್‌ಗಳಲ್ಲಿ ಈ ಕೆಲಸ ಇಲ್ಲ.

ಇನ್ನು ಹ್ಯಾಂಡಲ್ ಗ್ರಿಪ್. ಸವೆದು ನುಣುಪಾದ ಗ್ರಿಪ್ ಹಿಡಿಯಲು ಜಾಸ್ತಿ ಬಲ ಬೇಕು. ಗಟ್ಟಿ ರಬ್ಬರ್‌ನ, ಚೂಪು ಅಂಚಿನ ಗ್ರಿಪ್ ಕೈ ಕೊರೆಯುತ್ತದೆ. ಮೆತ್ತನೆ ರಬ್ಬರ್‌ನದು ಬೇಗ ಸವೆದರೂ ಟ್ರ್ಯಾಕ್‌ಗೆ ಅದೇ ಒಳ್ಳೆಯದು. ಗ್ರಿಪ್ ಮೇಲೆ ಹಾಕುವ ಸ್ಪಂಜಿನ ಕವರ್ ಮಾತ್ರ ಬೇಡವೇ ಬೇಡ. ಥ್ರಾಟಲ್ ಮೇಲೆ ಅದು ಸುತ್ತಿಕೊಂಡು ಜಾರಿದರೆ ಪ್ರಾಣಕ್ಕೇ ಅಪಾಯ. ಗ್ರಿಪ್ ತಾನೇ ಸಡಿಲವಾಗಿ ತಿರುಗುತ್ತಿದ್ದರೂ ಗೋಂದು ಹಾಕಿ ಕೂರಿಸದೆ ಟ್ರ್ಯಾಕ್‌ಗೆ ಇಳಿಯಬೇಡಿ.

ಹಿಡಿಯುವ ರೀತಿ

ಹೆಚ್ಚಿನವರು ಥ್ರಾಟಲನ್ನು ನೇರವಾಗಿ, ಅಂಗೈ ಅಡ್ಡಲಾಗಿ ಹಿಡಿಯುತ್ತಾರೆ. ಪೂರ್ತಿ ತೆರೆಯಲು ಹೋದಾಗ ಮಣಿಕಟ್ಟು ಕೆಳಕ್ಕೆ ಕುಸಿದು ಹೆಬ್ಬೆರಳಿನ ಸಂದಿ ಹಿಂಡುತ್ತದೆ. ಅದರ ಬದಲು ಮೊಣಕೈ ಸ್ವಲ್ಪ ಹೊರಗೆ ತಂದು, ಸ್ಕ್ರೂಡ್ರೈವರ್ ಹಿಡಿಯುವ ಹಾಗೆ ಓರೆಯಾಗಿ ಹಿಡಿಯಿರಿ. ಆಗ ಮಣಿಕಟ್ಟು ಮಡಚುವ ಬದಲು ಮುಂಗೈಯೇ ತಿರುಗುತ್ತದೆ, ಅಂಗೈ ಉಜ್ಜುವುದು ಕಡಿಮೆ. ಪೂರ್ತಿ ತೆರೆಯಲು ಒಂದೇ ಹಿಡಿತ ಸಾಲದಿದ್ದರೆ ನೇರ ರಸ್ತೆಗೆ ಬರುವ ಮೊದಲೇ ಕೈ ಸ್ವಲ್ಪ ಮುಂದಕ್ಕೆ ತಿರುಗಿಸಿ ಹಿಡಿದುಕೊಳ್ಳಿ.

ಹಿಡಿತ ಬಿಗಿಯಾಗಿರುವುದು ನಮಗೇ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ನೇರ ರಸ್ತೆಯಲ್ಲಿ, ಬ್ರೇಕ್ ಹಾಕುವ ಜಾಗಕ್ಕಿಂತ ಸಾಕಷ್ಟು ಮೊದಲು, ಒಂದು ಗುರುತು ಇಟ್ಟುಕೊಳ್ಳಿ. ಪ್ರತಿ ಲ್ಯಾಪ್‌ನಲ್ಲೂ ಅಲ್ಲಿಗೆ ಬಂದಾಗ ಕೈ ಗ್ರಿಪ್ ಮೇಲೇ ಇರಲಿ, ಎಡಗೈ ಬೆರಳು ಮಾತ್ರ ಸ್ವಲ್ಪ ಆಡಿಸಿ, ಭುಜ ಇಳಿಬಿಡಿ, ಉಸಿರು ಬಿಡಿ. ಬೆರಳು ಆಡಲಿಲ್ಲ ಎಂದರೆ ನೀವು ಹ್ಯಾಂಡಲ್ ಹಿಂಡುತ್ತಿದ್ದೀರಿ. ಭಯವೇ ಇದಕ್ಕೆ ದೊಡ್ಡ ಕಾರಣ. ಹಾಗಾಗಿ ಮೊದಲ ಎರಡು ಸೆಷನ್ ನಿಮ್ಮ ಶಕ್ತಿಗಿಂತ ನಿಧಾನವಾಗಿಯೇ ಓಡಿಸಿ. ಕೈ ಉಳಿಯುತ್ತದೆ, ಟ್ರ್ಯಾಕೂ ಬೇಗ ಕಲಿಯುತ್ತೀರಿ.

ಗ್ಲೌಸ್ ಆರಿಸುವುದು

ದೊಡ್ಡ ಗ್ಲೌಸ್ ಹಿತ ಅನ್ನಿಸುತ್ತದೆ, ಆದರೆ ಮುಷ್ಟಿ ಕಟ್ಟಿದಾಗ ಅಂಗೈಯಲ್ಲಿ ನೆರಿಗೆ ಬೀಳುತ್ತದೆ. ಆ ನೆರಿಗೆಯೇ ಬೊಬ್ಬೆಯ ಜಾಗ. ಅಂಗಡಿಯಲ್ಲಿ ಹಾಕಿಕೊಂಡು ಒಂದು ಬೈಕಿನ ಹ್ಯಾಂಡಲ್ ಹಿಡಿದೇ ನೋಡಿ. ಅಂಗೈ ಭಾಗ ಚರ್ಮಕ್ಕೆ ಅಂಟಿದಂತಿರಬೇಕು, ಬೆರಳ ತುದಿ ಒತ್ತಬಾರದು. ಒಳಗಡೆ ಬೆರಳಾಡಿಸಿ ಹೊಲಿಗೆ ಎಲ್ಲಿ ಉಬ್ಬಿದೆ ನೋಡಿ. ಹೆಬ್ಬೆರಳಿನ ಬುಡದಲ್ಲೋ ಬೆರಳಿನ ಬುಡದಲ್ಲೋ ದಪ್ಪ ಹೊಲಿಗೆ ಇದ್ದರೆ ಎಂಥ ಬ್ರ್ಯಾಂಡ್ ಆದರೂ ಬೇಡ. ಒಳಬಟ್ಟೆ ಕಿತ್ತು ಜಾರುತ್ತಿದ್ದರೂ ಬೇಡ.

ಹೊಸ ಲೆದರ್ ಗ್ಲೌಸನ್ನು ನೇರವಾಗಿ ಟ್ರ್ಯಾಕ್‌ಗೆ ಒಯ್ಯಬೇಡಿ. ಕೆಲವು ವಾರ ಊರಲ್ಲೇ ಹಾಕಿ ಓಡಿಸಿ, ಕೈಗೆ ಹದವಾಗಲಿ. ಸೆಷನ್ ಮುಗಿದಾಗಲೆಲ್ಲ ಗ್ಲೌಸ್ ತೆಗೆದು ನೆರಳಲ್ಲಿ, ಗಾಳಿಗೆ ಬಾಯಿ ತೆರೆದು ತೂಗುಹಾಕಿ. ಬಿಸಿಲಿಗೆ ಹಾಕಿದರೆ ಲೆದರ್ ಬಿರುಸಾಗುತ್ತದೆ. ಎರಡು ಜೊತೆ ಇದ್ದು ಬದಲಿಸುತ್ತಾ ಹೋದರೆ ಇನ್ನೂ ಒಳ್ಳೆಯದು.

ಒಳಗೆ ಹಾಕುವ ತೆಳು ಲೈನರ್ ತುಂಬ ಉಪಯೋಗಕ್ಕೆ ಬರುತ್ತದೆ. ರೇಷ್ಮೆಯದೋ, ತೆಳು ಪಾಲಿಯೆಸ್ಟರ್‌ನದೋ ಇರಲಿ. ಉಜ್ಜಾಟ ಚರ್ಮದ ಬದಲು ಎರಡು ಬಟ್ಟೆಗಳ ನಡುವೆ ನಡೆಯುತ್ತದೆ. ಹತ್ತಿಯದು ಬೆವರು ಹೀರಿ ಒದ್ದೆಯಾಗೇ ಉಳಿಯುವುದರಿಂದ ಬೇಡ. ಲೈನರ್ ಹಾಕಿದಾಗ ಲಿವರ್‌ನ ಸ್ಪರ್ಶ ಮಂಕಾಯಿತು ಅನ್ನಿಸಿದರೆ ತೆಗೆದುಬಿಡಿ. ಬ್ರೇಕ್‌ನ ಸೂಕ್ಷ್ಮ ಗೊತ್ತಾಗುವುದು ಬೊಬ್ಬೆಗಿಂತ ಮುಖ್ಯ.

ಚರ್ಮ ಮತ್ತು ಟೇಪ್

ಜಡ್ಡುಗಟ್ಟಿದ ಕೈಗೆ ಬೊಬ್ಬೆ ಏಳಲ್ಲ ಎಂದು ಕೆಲವರು ಹೇಳುವುದುಂಟು. ತೆಳುವಾದ, ಸಮನಾದ ಜಡ್ಡು ಒಳ್ಳೆಯದೇ. ಆದರೆ ಅಲ್ಲಲ್ಲಿ ಉಬ್ಬಿದ ಜಡ್ಡು ಗ್ಲೌಸಿಗೆ ಸಿಕ್ಕಿ ಅದರ ಅಡಿಯಲ್ಲೇ ಬೊಬ್ಬೆ ಏಳುತ್ತದೆ, ಅದರ ನೋವು ಜಾಸ್ತಿ. ಸ್ನಾನವಾದ ಮೇಲೆ ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ ಸಮ ಮಾಡಿ. ಬ್ಲೇಡ್ ಮುಟ್ಟಬೇಡಿ. ವಾರವಿಡೀ ರಾತ್ರಿ ಮಾಯಿಶ್ಚರೈಸರ್ ಹಚ್ಚಿ, ಟ್ರ್ಯಾಕ್‌ನ ದಿನ ಬೆಳಿಗ್ಗೆ ಮಾತ್ರ ಬೇಡ. ಉಗುರು ಕತ್ತರಿಸಿ, ಉಂಗುರ ಮನೆಯಲ್ಲೇ ಬಿಡಿ.

ನಿಮಗೆ ಯಾವಾಗಲೂ ಬೊಬ್ಬೆ ಏಳುವ ಜಾಗ ಗೊತ್ತಿದ್ದರೆ ಬೆಳಿಗ್ಗೆಯೇ ಟೇಪ್ ಹಾಕಿ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಪೇಪರ್ ಟೇಪ್ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ದೂರದ ಓಟಗಾರರ ಪಾದದ ಮೇಲೆ ಇದನ್ನೇ ಪರೀಕ್ಷಿಸಿ, 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬೊಬ್ಬೆ ಸುಮಾರು 40 ಶೇಕಡಾ ಕಡಿಮೆಯಾಯಿತು ಎಂದಿದ್ದಾರೆ. ಅದು ಪಾದದ ಮಾತು, ಆದರೆ ಬೊಬ್ಬೆ ಏಳುವ ರೀತಿ ಕೈಗೂ ಅದೇ. ಬೆವರು ಜಾಸ್ತಿ ಇದ್ದವರಿಗೆ ಬಟ್ಟೆಯ ಟೇಪ್ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈ ತೊಳೆದು ಪೂರ್ತಿ ಒಣಗಿಸಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಇಲ್ಲವಾದರೆ ಟೇಪ್ ಅಲ್ಲಿಂದಲೇ ಕಿತ್ತುಬರುತ್ತದೆ. ಮುಷ್ಟಿಯನ್ನು ಅರ್ಧ ಮಡಚಿ, ಒಂದೂ ನೆರಿಗೆ ಇಲ್ಲದಂತೆ ಅಂಟಿಸಿ. ಬೆರಳಿನ ಸುತ್ತ ಬಿಗಿಯಾಗಿ ಸುತ್ತಬೇಡಿ, ಬೆರಳು ಜೋಮು ಹಿಡಿದರೆ ಬ್ರೇಕ್ ಗೊತ್ತಾಗುವುದಿಲ್ಲ.

ಸೆಷನ್ ನಡುವೆ ಗ್ಲೌಸ್ ತೆಗೆದು ಕೈ ನೋಡುವುದನ್ನು ಮರೆಯಬೇಡಿ. ಕೆಂಪಾಗಿ ಬಿಸಿ ಅನ್ನಿಸುವ ಜಾಗ ಇದ್ದರೆ ಅದೇ ಬೊಬ್ಬೆಯ ಮುನ್ಸೂಚನೆ. ತಕ್ಷಣ ಟೇಪ್ ಹಾಕಿ, ಬೇಕಾದರೆ ಒಂದು ಸೆಷನ್ ಬಿಟ್ಟುಬಿಡಿ.

ಎದ್ದೇಬಿಟ್ಟರೆ?

ಚಿಕ್ಕದು, ನೋವಿಲ್ಲ ಎಂದಾದರೆ ಒಡೆಯಬೇಡಿ. ಮೇಲಿನ ಚರ್ಮಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ. ದೊಡ್ಡದಾಗಿ ಒತ್ತುತ್ತಿದ್ದರೆ ಕೈ ಸೋಪಿನಲ್ಲಿ ತೊಳೆದು, ಹೊಸ ಇಂಜೆಕ್ಷನ್ ಸೂಜಿಯಿಂದ ಅಂಚಿನಲ್ಲಿ ಸಣ್ಣದಾಗಿ ಚುಚ್ಚಿ ನೀರು ಮಾತ್ರ ಹೊರತೆಗೆಯಿರಿ. ಚರ್ಮ ಕೀಳಬೇಡಿ. ಶುಭ್ರ ಡ್ರೆಸ್ಸಿಂಗ್ ಹಾಕಿ. ಟೂತ್‌ಪೇಸ್ಟ್, ಸುಣ್ಣ ಯಾವುದೂ ಬೇಡ. ಸಕ್ಕರೆ ಕಾಯಿಲೆ ಇದ್ದವರು ತಾವೇ ಚುಚ್ಚಿಕೊಳ್ಳದೆ ಡಾಕ್ಟರ ಹತ್ತಿರ ಹೋಗಿ. ಕೀವು ಕಟ್ಟಿದರೆ, ಸುತ್ತಲಿನ ಕೆಂಪು ಹರಡಿದರೆ, ಜ್ವರ ಬಂದರೆ ಯಾರೇ ಆದರೂ ತಡ ಮಾಡಬಾರದು.

ಬೊಬ್ಬೆ ಒಡೆದ ಕೈಯಲ್ಲಿ ಟ್ರ್ಯಾಕ್‌ಗೆ ಮತ್ತೆ ಇಳಿಯಬೇಡಿ. ನೋವಿಗೆ ಹೆದರಿ ಬೆರಳು ಬ್ರೇಕ್ ಹಾಕಲು ಹಿಂಜರಿಯುತ್ತದೆ, ಆ ವೇಗದಲ್ಲಿ ಅಷ್ಟು ತಡವೇ ಬೀಳಿಸಲು ಸಾಕು. ಅದೇ ಬೈಕಿನಲ್ಲಿ ಬೆಂಗಳೂರಿಗೆ ವಾಪಸ್ ಬರಬೇಕಿದ್ದರೆ ಇರುಂಗಾಟ್ಟುಕೋಟೈಯಿಂದ ಸುಮಾರು 300 ಕಿ.ಮೀ. ಹೈವೇ ಇನ್ನೂ ಬಾಕಿ ಇರುತ್ತದೆ. ಆ ದಾರಿಗೆ ಕೈ ಉಳಿಸಿಕೊಳ್ಳಿ. ಆಗದಿದ್ದರೆ ಬೈಕನ್ನು ಟೆಂಪೊದಲ್ಲಿ ಕಳಿಸಿ ನೀವು ಬಸ್ ಹತ್ತಿ. ಅಡಿಯಲ್ಲಿ ಹೊಸ ಚರ್ಮ ಬಲಿತು, ಅಂಗೈ ಅದುಮಿದರೆ ನೋವಿಲ್ಲ ಎಂದಾದ ಮೇಲೆಯೇ ಮುಂದಿನ ಟ್ರ್ಯಾಕ್ ಡೇಗೆ ಹೆಸರು ಕೊಡಿ.