ಐ ಲೈಕ್ ಕಾಫಿ ಅನ್ನೋದು ಸಿಮಿಲಿ ಅಲ್ಲ

ನಾನು ಸೋಮವಾರಪೇಟೆ ಕಡೆಯೋನು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಪಿಯುಸಿಗೆ ಮಡಿಕೇರಿಗೆ ಬಂದ್ಮೇಲೆ ಇಂಗ್ಲಿಷ್ ಕ್ಲಾಸಲ್ಲಿ ಸಿಮಿಲಿ, ಮೆಟಫರ್ ಅಂತ ಅಲಂಕಾರಗಳು ಶುರುವಾದ್ರೆ ತಲೆಬುಡ ಗೊತ್ತಾಗ್ತಿರ್ಲಿಲ್ಲ, 'ಲೈಕ್' ಇದ್ರೆ ಸಿಮಿಲಿ ಅಂತ ಯಾರೋ ಹೇಳಿದ್ದಷ್ಟೇ ನೆನಪಿತ್ತು, ಅದನ್ನೇ ನಂಬ್ಕೊಂಡು ಟೆಸ್ಟಲ್ಲಿ 'ಐ ಲೈಕ್ ಕಾಫಿ'ಗೂ ಗೆರೆ ಎಳೆದು ಸಿಮಿಲಿ ಅಂತ ಬರೆದು ಬಂದೆ. ಅಲ್ಲಿ ಲೈಕ್ ಅಂದ್ರೆ 'ಹಾಗೆ' ಅಲ್ಲ, 'ಇಷ್ಟ'. ಇಡೀ ಬೆಂಚು ನಕ್ತು.

ಆಮೇಲೊಂದಿನ ಹೈಸ್ಕೂಲಿನ ಕನ್ನಡ ವ್ಯಾಕರಣ ನೋಟ್ಸ್ ತೆಗೆದ್ರೆ ಎಲ್ಲಾ ಅಲ್ಲೇ ಇದೆ ಮಾರಾಯ್ರೇ! ಒಂದನ್ನ ಇನ್ನೊಂದಕ್ಕೆ ಹೋಲಿಸೋ ಉಪಮಾಲಂಕಾರಕ್ಕೆ ಉಪಮೇಯ, ಉಪಮಾನ, ವಾಚಕ ಪದ, ಸಮಾನಧರ್ಮ ಅಂತ ಬಾಯಿಪಾಠ ಮಾಡಿದ್ದೆ, ಅದೇ ಸಿಮಿಲಿ ಅಂತ ಹೊಳೆದೇ ಇರ್ಲಿಲ್ಲ. ಮಾರ್ಚ್ ಏಪ್ರಿಲಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡತ್ತಲ್ಲ, ಆಗ 'ತೋಟಕ್ಕೆ ಬಿಳಿ ಪಂಚೆ ಹೊದಿಸಿದ ಹಾಗಿದೆ' ಅಂದ್ರೆ ಸಿಮಿಲಿ, 'ಹಾಗೆ' ಬಿಟ್ಟು 'ಒಂದೊಂದು ರೆಂಬೆನೂ ಮಲ್ಲಿಗೆ ದಂಡೆ' ಅಂದ್ಬಿಟ್ರೆ ಮೆಟಫರ್, ನಮ್ಮ ರೂಪಕ. ಆದ್ರೆ 'ಹಾಗೆ' ಇದ್ದ ಮಾತ್ರಕ್ಕೆ ಆಗಲ್ಲ. 'ನೀನು ನಿಮ್ಮಮ್ಮನ ಹಾಗೇ ಇದೀಯ' ಅಂದ್ರೆ ಬರೀ ಹೋಲಿಕೆ ಅಷ್ಟೇ, ಅಲಂಕಾರ ಆಗ್ಬೇಕಂದ್ರೆ ಬೇರೆ ಬೇರೆ ಥರದ ಎರಡು ವಸ್ತು ಬೇಕು, ತೋಟ ಎಲ್ಲಿ ಪಂಚೆ ಎಲ್ಲಿ.

ಧೋ, ಪಟಪಟ ಅಂತ ನಾವು ಮಳೆಗೆ ಹೇಳೋ ಅನುಕರಣಾವ್ಯಯನೇ ಆನಮಟೋಪಿಯಾ. ಸ್ಪೆಲಿಂಗ್ ಮಾತ್ರ ಈಗ್ಲೂ ನೋಡ್ಕೊಂಡೇ ಬರೆಯೋದು.

ಪ್ಯಾಸಿವ್ ವಾಯ್ಸಲ್ಲಿ ಕನ್ನಡದ ಜೋಡಿ ಹುಡುಕೋ ಈ ಉಪಾಯ ಅರ್ಧ ಕೆಲಸ ಮಾಡ್ತು. ಕರ್ಮಣಿ ಪ್ರಯೋಗ ಅಂತ ಗೊತ್ತಾಯ್ತು ಸರಿ, ಆದ್ರೆ 'ಬಾಳೆ ಆನೆಯಿಂದ ತಿನ್ನಲ್ಪಟ್ಟಿತು' ಅಂತ ನಮ್ಮೂರಲ್ಲಿ ಯಾರು ಮಾತಾಡ್ತಾರೆ? ಇಂಗ್ಲಿಷಲ್ಲಿ ಅದು ಸಲೀಸು, ತಿಂದೋರ ಹೆಸರು ಬೇಡ ಅಂದ್ರೆ ಆನೆನೇ ಬಿಟ್ಬಿಡ್ಬಹುದು.

ಇಂಗ್ಲಿಷಲ್ಲಿ ಪದದ ಮುಂದೆ ಹಾಕೋ ಎ, ಆನ್‌ಗೆ ಕನ್ನಡದಲ್ಲಿ ಜೋಡಿನೇ ಇಲ್ಲ. ಅದಕ್ಕೆ ನಾನು ಪದನ ಕನ್ನಡ ಅಕ್ಷರದಲ್ಲಿ ಬರೆದು ನೋಡ್ತಿದ್ದೆ. ಗಂಟೆ ಅನ್ನೋ ಅವರ್ (hour), ಮೊದಲಕ್ಷರ ಸ್ವರ, ಸೋ ಆನ್ ಅವರ್. ಯೂನಿವರ್ಸಿಟಿ, ವ್ಯಂಜನ, ಎ ಯೂನಿವರ್ಸಿಟಿ. ಇಂಗ್ಲಿಷ್ ಸ್ಪೆಲಿಂಗ್ ನೋಡಿದ್ರೆ ಎರಡೂ ಉಲ್ಟಾ ಆಗ್ತಿತ್ತು, ಯಾಕಂದ್ರೆ ಲೆಕ್ಕ ಇರೋದು ಸೌಂಡಿಗೆ. 'ಒನ್ ವೇ' ಕೈ ಕೊಡ್ತು, ಬರೆಯೋದು ಒನ್, ಇಂಗ್ಲಿಷಲ್ಲಿ ಕೇಳೋದು ವನ್, ಹಾಗಾಗಿ ಎ. ಇನ್ನು ನಮ್ಮ ಬಾಯಲ್ಲಿ ಎಗ್ ಅನ್ನೋದು ಯೆಗ್ಗಾಗತ್ತೆ. ಹಂಗೇ ಬರ್ಕೊಂಡು ವ್ಯಂಜನ ಅಂತ ತಿಳಿದು 'ಎ ಯೆಗ್' ಮಾಡಿ ಇನ್ನೊಂದು ಮಾರ್ಕ್ಸ್ ಕಳ್ಕೊಂಡೆ.