ನಿದ್ದೆಯ ಗಡಿಯಲ್ಲಿ ಧ್ಯಾನ: ನನ್ನ ಅನುಭವ

"ಮಲಗಿಕೊಂಡು ಮಾಡುವುದಕ್ಕೂ ಧ್ಯಾನ ಅಂತ ಹೇಳುವುದಾ ಮಾರಾಯ್ರೆ?" ಎಂದು ನಮ್ಮ ಗುಂಪಿನ ಹಿರಿಯರೇ ಕೇಳಿದ್ದರು. ನಿದ್ದೆಗೆ ಜಾರುವ ಹೊತ್ತಿನಲ್ಲೂ ಅರಿವು ಬಿಡದೆ ನೋಡುವ ಧ್ಯಾನ ಇದು. ಈಗ ಅವರಲ್ಲಿ ಇಬ್ಬರು ಇದನ್ನೇ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಲ್ಪೆಯ ಐಸ್ ಪ್ಲಾಂಟೊಂದರಲ್ಲಿ ಶಿಫ್ಟ್ ಕೆಲಸದವನು. ಕೂತು ಮಾಡುವ ಧ್ಯಾನ ಹತ್ತು ವರ್ಷಕ್ಕೂ ಹೆಚ್ಚು ಆಗಿತ್ತು. ಬೆನ್ನು ನೇರ, ಉಸಿರು ಸಮ, ಆದರೆ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ತೂಕಡಿಕೆ. ಅದ್ವೈತದ ಆಚಾರ್ಯ ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಎಚ್ಚರಿಸುವ ಲಯ (ನಿದ್ದೆಗೆ ಜಾರುವುದು), ವಿಕ್ಷೇಪ (ಮನಸ್ಸು ಚೆದುರುವುದು), ಕಷಾಯ (ಒಳಗೆ ಉಳಿದ ಆಸೆಗಳ ಕಲೆ) ಎಂಬ ಅಡ್ಡಿಗಳಲ್ಲಿ ಮೊದಲನೆಯದನ್ನೇ ದಾಟಲು ಆಗುತ್ತಿರಲಿಲ್ಲ.

ದುಡ್ಡು ಸುರಿದದ್ದೂ ಉಂಟು. ಮಂಗಳೂರಿನ ಹೋಟೆಲಿನಲ್ಲಿ ನಡೆದ ಕುಂಡಲಿನಿ ಶಿಬಿರಕ್ಕೆ ಹದಿನೆಂಟು ಸಾವಿರದ ಹತ್ತಿರ. ಎರಡು ದಿನ ಜೋರಾಗಿ ಉಸಿರಾಡಿಸಿದರು, ತಲೆ ತಿರುಗಿತು, ಪ್ರಮಾಣಪತ್ರ ಕೊಟ್ಟರು. ಮಿದುಳಿನ ಅಲೆ ಅಳೆಯುವ ಹಣೆಪಟ್ಟಿ ಸೆಕೆಂಡ್ ಹ್ಯಾಂಡಿನಲ್ಲಿ ಹನ್ನೆರಡೋ ಹದಿಮೂರೋ ಸಾವಿರ. ಸುಮ್ಮನೆ ಕಣ್ಣು ಮುಚ್ಚಿದರೂ ಮಿದುಳಿನ ಆಲ್ಫಾ ಅಲೆ (ವಿಶ್ರಾಂತಿಯಲ್ಲಿ ಕಾಣುವ ಅಲೆ) ಏರುತ್ತದೆ, ಅದಕ್ಕೆ ಸಾಧನೆ ಬೇಕಾಗಿಲ್ಲ. ಆಟಿ ತಿಂಗಳ ಮಳೆಗಾಲದ ತೇವಕ್ಕೆ ಪಟ್ಟಿಯೂ ಕೆಟ್ಟಿತು. ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಶುಲ್ಕ ಇಲ್ಲ, ಹೋದದ್ದು ಸಂಬಳ ಮಾತ್ರ. ಉಸಿರು ನೋಡುವ ಶಿಸ್ತು ಬಂದದ್ದು ಅಲ್ಲಿಂದ.

ದಾರಿ ತೆರೆದದ್ದು ಮೀನುಗಾರಿಕೆ ನಿಷೇಧದ ಕಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ, ಐಸಿಗೆ ಗಿರಾಕಿ ಇಲ್ಲ, ಸಂಬಳ ಅರ್ಧ. ಆದರೆ ರಾತ್ರಿ ಪೂರ್ತಿ ನನ್ನದು. ತೂಕಡಿಕೆಯ ಜೊತೆ ಗುದ್ದಾಡುವ ಬದಲು ಅದು ಬರುವುದನ್ನೇ ನೋಡೋಣ ಎಂದು ತೀರ್ಮಾನಿಸಿದೆ.

ಮೂರೂವರೆಗೆ ಏಳುವುದು. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಮುಗಿಯುತ್ತದೆ, ಬೆಳಗಿನ ಜಾವ ಕನಸುಗಳ ಹೊತ್ತು. ಅರ್ಧ ಗಂಟೆ ಕೂತು ಜಪ, ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕೈ ನೆಲಕ್ಕೂರಿ ಮುಂಗೈ ನೆಟ್ಟಗೆ ನಿಲ್ಲಿಸುವುದು. ನಿದ್ದೆ ಬಂದರೆ ಕೈ ಬೀಳುತ್ತದೆ, ಎಚ್ಚರವಾಗುತ್ತದೆ. ಗಮನ ಮೊದಲು ಕಣ್ಣಿನಲ್ಲಿ, ಆಮೇಲೆ ಕಂಠದಲ್ಲಿ, ಕೊನೆಗೆ ಹೃದಯದಲ್ಲಿ. ಜಾಗ್ರತ್ತು (ಎಚ್ಚರ) ಕಣ್ಣಿನಲ್ಲಿ, ಸ್ವಪ್ನ ಕಂಠದಲ್ಲಿ, ಸುಷುಪ್ತಿ (ಕನಸಿಲ್ಲದ ಗಾಢ ನಿದ್ದೆ) ಹೃದಯದಲ್ಲಿ ಎಂದು ಬ್ರಹ್ಮೋಪನಿಷತ್ತು ಹೇಳುವ ಸಾಲೇ ಇದು.

ಸುಮಾರು ಮೂರು ವಾರ ಕೈನೋವು ಬಿಟ್ಟರೆ ಏನೂ ಇಲ್ಲ. ಆಮೇಲೊಂದು ಬೆಳಗಿನ ಜಾವ, ಹೊರಗೆ ಮಳೆ ಸುರಿಯುತ್ತಿರುವಾಗ, ನನ್ನ ಗೊರಕೆ ನನಗೇ ಕೇಳಿಸಿತು. ಕನಸಿನ ಚಿತ್ರ ಹುಟ್ಟುವುದನ್ನು ನೋಡಿದೆ, ಅದು ಕನಸೆಂದು ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಚಿತ್ರವೂ ಹೋಯಿತು. ಅರಿವಿತ್ತು, ಅರಿಯುವುದಕ್ಕೆ ವಸ್ತು ಇರಲಿಲ್ಲ. ಹತ್ತು ಹದಿನೈದು ನಿಮಿಷ ಇದ್ದಿರಬೇಕು. ಆ ವರ್ಷದ ನಮ್ಮ ಗುಂಪಿನಲ್ಲಿ ಅಷ್ಟು ದೂರ ಹೋದವನು ನಾನೊಬ್ಬನೇ.

ಇದನ್ನು ತುರೀಯ, ಅಂದರೆ ಎಚ್ಚರ, ಕನಸು, ಗಾಢ ನಿದ್ದೆ ಮೂರನ್ನೂ ಮೀರಿದ ನಾಲ್ಕನೆಯದು, ಎಂದೇ ಹೇಳಿಕೊಳ್ಳುತ್ತಿದ್ದೆ. ಉಡುಪಿಯ ರಥಬೀದಿಯಲ್ಲಿ ಪರಿಚಯದ ವಿದ್ವಾಂಸರೊಬ್ಬರು, "ಎಚ್ಚರ, ಕನಸು, ಗಾಢ ನಿದ್ದೆ ನಡೆಸುವ ವಿಶ್ವ, ತೈಜಸ, ಪ್ರಾಜ್ಞ, ಮತ್ತೆ ತುರೀಯ, ಈ ನಾಲ್ಕೂ ಭಗವಂತನ ರೂಪಗಳು. ನಿದ್ದೆಗೆ ಕಳಿಸುವವನೂ ಎಬ್ಬಿಸುವವನೂ ಅವನೇ. ನೀನು ತುರೀಯ ಆಗುವುದು ಅಂತ ಇಲ್ಲ ಮಗ" ಎಂದರು. ಮಧ್ವಾಚಾರ್ಯರ ದ್ವೈತ ಮತವನ್ನು ಅನುಸರಿಸುವ ಮಾಧ್ವರ ಈ ಮಾತು ನನ್ನ ಸಾಧನೆಯಲ್ಲಿ ದೊಡ್ಡ ಕೆಲಸ ಮಾಡಿತು. ಹಿಡಿಯುವ ಆತುರ ಬಿಟ್ಟ ಮೇಲೆ ಆ ಸ್ಥಿತಿ ವಾರಕ್ಕೆ ಎರಡು ಮೂರು ಸಲ ಬರತೊಡಗಿತು. ಈಗ ಕಂಪ್ರೆಸರ್ ಕೆಟ್ಟು ಬೋಟಿನವರು ಬೈಯುವಾಗ ನನ್ನ ಸಿಟ್ಟು ಏಳುವುದೂ ಮೊದಲೇ ಕಾಣುತ್ತದೆ.

ಕಂಠದಿಂದ ಹೃದಯಕ್ಕೆ ಇಳಿಯುವಾಗ ಉಸಿರಿನಲ್ಲಿ ಮಾಡುವುದೊಂದು ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಅವಸರಪಟ್ಟರೆ ಮೈ ಮರಗಟ್ಟಿ, ಎದೆಯ ಮೇಲೆ ಯಾರೋ ಕೂತಂತಾಗುತ್ತದೆ. ಪಕ್ಕದಲ್ಲಿ ಕೂತೇ ಕಲಿಸಬೇಕು.

ರಾತ್ರಿಯಿಡೀ ಯಕ್ಷಗಾನ ನೋಡಿ ಬಂದು ಮಲಗಿಯೂ ಪರೀಕ್ಷಿಸಿದೆ. ಕಣ್ಣು ಮುಚ್ಚಿದ ಕೂಡಲೇ ಕಿರೀಟ, ಚೆಂಡೆ ಎಲ್ಲ ಹಾಜರು, ಆದರೆ ಅಲ್ಲಿಂದ ನೇರ ಗಾಢ ನಿದ್ದೆ. ಕದ್ರಿಯಲ್ಲಿ ಜೋಗಿ ಮಠದ ಮೇಲಿನ ಗುಹೆಗಳ ಹತ್ತಿರ ಹಗಲಲ್ಲಿ ಕೂತರೆ ಜನರ ಓಡಾಟಕ್ಕೆ ಏನೂ ಆಗಲಿಲ್ಲ. ಊಟದ್ದು ಮಾತ್ರ ಖಂಡಿತ: ರಾತ್ರಿ ಒಂಬತ್ತಕ್ಕೆ ಮೀನುಸಾರು, ಕುಚ್ಚಲಕ್ಕಿ ಅನ್ನ ಉಂಡರೆ ಆ ದಿನ ಹೋಯಿತೆಂದೇ ಲೆಕ್ಕ. ಏಳು ಗಂಟೆಗೆ ಗಂಜಿ ಸಾಕು.

ಆಗಸ್ಟಿನಲ್ಲಿ ಬೋಟು ಹೊರಟ ಮೇಲೆ ನೈಟ್ ಶಿಫ್ಟಿನ ವಾರಗಳಲ್ಲಿ ಇದನ್ನು ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದೇನೆ. ಕಿಟಕಿಗೆ ಕಪ್ಪು ಟಾರ್ಪಾಲು ಕಟ್ಟಿದರೂ ಕಂಠದವರೆಗೆ ಮಾತ್ರ ಬರುತ್ತದೆ, ಮುಂದೆ ಹೋಗುವುದಿಲ್ಲ. ಶಿಫ್ಟ್ ಕೆಲಸದ ಸಾಧಕರು ಯಾರಾದರೂ ಹಗಲಲ್ಲಿ ಅದನ್ನು ದಾಟಿದ್ದರೆ ನನಗೆ ತಿಳಿಸಿ.